ಎಡೆಯ ಹುಗ್ಗಿ ತಳ ಹಿಡಿದ ಭಾನುವಾರ

ನಮ್ಮ ಮನೆಯವರು ಬಸ್ ಡಿಪೋದ ಕೆಲಸದಿಂದ ನಿವೃತ್ತರಾದ ದಿನ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮನೆಯ ಬಾಗಿಲವರೆಗೆ ತಂದು ಬಿಟ್ಟುಹೋದರು. ಭಾಷಣ ಮಾಡಿದವರೊಬ್ಬರು ಅವರ ಹೆಸರನ್ನೇ ತಪ್ಪು ಹೇಳಿದರಂತೆ. ಆದರೂ ಭಾಷಣ ಭಾಷಣವೇ. ನನ್ನ ನಿವೃತ್ತಿ ಹಿರೇಕೆರೂರಿನಿಂದ ಆಚೆ, ಒಂದು ಗುಡಿಯ ಹಿಂದಿನ ನಳದ ಹತ್ತಿರ ಆಯಿತು. ಕೈಯಲ್ಲಿ ತಳ ಹತ್ತಿದ ಪಾತ್ರೆ, ಎದುರಿಗೆ ಸೊಸೆ. ಅಷ್ಟೇ ಜನ.

ನಾನು ಮಾಡಿದ್ದು ಮನೆಯ ಅಡುಗೆ. ಸವಣೂರಿನಿಂದ ಅಕ್ಕಿಆಲೂರಿಗೆ ಸೊಸೆಯಾಗಿ ಬಂದವಳು ಈ ವರ್ಷದ ತನಕ ಒಲೆಯ ಮುಂದೆಯೇ ನಿಂತೆ. ಇದನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಮ್ಮೆ ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಿದ್ದ ಮಾಸ್ತರರು, ‘ನಿಮಗೇನೂ ಕೆಲಸ ಇಲ್ಲಲ್ರಿ?’ ಅಂತ ಕೇಳಿದಾಗ ನಾನು ರೊಟ್ಟಿ ಬಡಿಯುತ್ತಲೇ ‘ಇಲ್ರಿ’ ಅಂದಿದ್ದೆ. ಈಗ ನಮ್ಮ ಓಣಿಗೆ ಹೊಸ ಸೊಸೆಯಂದಿರು ಬಂದಿದ್ದಾರೆ. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅದು ಹೇಗೆ, ಇದು ಹೇಗೆ ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ವಯಸ್ಸು ನನ್ನ ಮೂಗನ್ನು, ಅದರ ವಾಸನೆ ಹಿಡಿಯುವ ಬಲವನ್ನು, ತೆಗೆದುಕೊಂಡಿತು. ಮೂಗು ಹೋದದ್ದಕ್ಕೆ ದೇವರ ಎಡೆ ಮಾಡುವ ಹಕ್ಕೂ ಹೋಯಿತು. ಉಳಿದದ್ದೆಲ್ಲ ಅದರ ಹಿಂದುಮುಂದಿನ ಮಾತು.

ಕೆಲಸದಲ್ಲಿ ನನ್ನ ಮೇಲಿನವರು ಅತ್ತೆ ನೀಲವ್ವ. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ ಒಂದು ಮಾತು ಆಡುತ್ತಿದ್ದರು. ನನ್ನ ತವರಿನಲ್ಲಿ ದಿನವೂ ಜೋಳದ ರೊಟ್ಟಿ, ಅನ್ನ ಹಬ್ಬಕ್ಕೆ ಮಾತ್ರ. ಇಲ್ಲಿ ಭತ್ತದ ಸೀಮೆ. ದೊಡ್ಡ ಭಗೋಣಿಯಲ್ಲಿ ಅನ್ನ ಮಾಡಿ ಗಂಜಿ ಬಸಿಯಬೇಕು. ಮೊದಲ ವಾರ ನಾನು ಬಸಿದ ಅನ್ನದೊಳಗೆ ಅತ್ತೆ ಒಂದು ಬೆರಳು ಇಟ್ಟು ನೋಡಿ, ಮಾವನವರನ್ನು ಕರೆದು ಹೇಳಿದರು: ‘ಹಿತ್ತಲ ಗ್ವಾಡಿ ಬಿರುಕು ಬಿಟ್ಟೈತಿ ಅಂತಿದ್ರೆಲ್ಲ, ಗೌಂಡಿನ್ನ ಕರಸಬ್ಯಾಡ್ರಿ. ಇದನ್ನ ತುಂಬಿದ್ರ ಸಾಕು.’

ಮಾವನವರು ಪಾಪ, ನಗದೆ ಎರಡು ಸಲ ಹಾಕಿಸಿಕೊಂಡು ಉಂಡರು.

ಆಗಿನ ಒಲೆಯ ಬಗ್ಗೆ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅಕ್ಕಿ ಮಿಲ್ಲಿನಿಂದ ಚೀಲಗಟ್ಟಲೆ ಭತ್ತದ ಹೊಟ್ಟು ಬರುತ್ತಿತ್ತು. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುರುಕಿ, ಬಾಟಲಿಯನ್ನು ಮೆಲ್ಲಗೆ ಮೇಲೆತ್ತಿದರೆ ಒಲೆ ಸಿದ್ಧ. ಕೈ ನಡುಗಿದರೆ ಹೊಟ್ಟು ಕುಸಿದು ಹೊಗೆಯೇ ಹೊಗೆ. ನನ್ನ ಗಂಡನ ತಂಗಿ ಕಸ್ತೂರವ್ವನನ್ನು ನೋಡಲು ಶಿಗ್ಗಾಂವದಿಂದ ಬೀಗರು ಬಂದ ದಿನವೇ ನನ್ನ ಕೈ ನಡುಗಿತು. ಬಂದವರೆಲ್ಲ ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಹುಡುಗಿಯನ್ನು ನೋಡಿದರು. ಸಂಬಂಧ ಕೂಡಿತು. ಕಸ್ತೂರವ್ವ ಇವತ್ತಿಗೂ ಅನ್ನುತ್ತಾಳೆ, ‘ನಮ್ಮ ವೈನಿ ಹೊಗಿ ಹಾಕಿದ್ದಕ್ಕ ನಾ ಚೆಂದ ಕಂಡೆ. ಇಲ್ಲಂದ್ರ ಇವರು ನನ್ನ ಒಪ್ಪತಿದ್ದಿಲ್ಲ.’ ಆಮೇಲೆ ಸೀಮೆಎಣ್ಣೆಯ ಪಂಪಿನ ಒಲೆ, ಆಮೇಲೆ ಗ್ಯಾಸು, ಕುಕ್ಕರು, ಮಿಕ್ಸರು. ಒಂದೊಂದು ಬಂದಾಗಲೂ ಇನ್ನು ಕೆಲಸ ಹಗುರ ಅಂದರು. ಹೊಗೆ ಹೋಯಿತು, ಅದು ನಿಜ. ಆದರೆ ಒಲೆಯ ಮುಂದೆ ನಿಲ್ಲುವುದು ನಿಲ್ಲಲಿಲ್ಲ.

ಈಗ ಎಡೆಯ ವಿಷಯ. ಹಬ್ಬದ ದಿನ ದೇವರಿಗೆ ಇಡುವ ಅಡುಗೆಯನ್ನು ನಮ್ಮ ಮನೆಯಲ್ಲಿ ಹಿರಿಯ ಹೆಂಗಸು ಒಬ್ಬಳೇ ಮಾಡಬೇಕು. ಗೋಧಿ ಹುಗ್ಗಿ, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಯಾವುದನ್ನೂ ನಾಲಗೆಗೆ ಹಚ್ಚಿ ನೋಡುವಂತಿಲ್ಲ. ದೇವರಿಗೆ ಇಡುವ ಮೊದಲು ಚಲೋ ಆಗಿದೆ, ಕೆಟ್ಟಿದೆ ಅಂತ ಯಾರೂ ಬಾಯಿ ಬಿಡುವಂತೆಯೂ ಇಲ್ಲ. ಹಾಗಾದರೆ ಉಪ್ಪು ಸರಿ ಇದೆಯೋ, ಬೆಲ್ಲ ಹದಕ್ಕೆ ಬಂದಿದೆಯೋ ತಿಳಿಯುವುದು ಹೇಗೆ? ಅತ್ತೆ ಕಲಿಸಿದ್ದು ಮೂಗಿನಿಂದ. ‘ಪಾತ್ರಿ ಮ್ಯಾಲೆ ಬಗ್ಗಿ ಮೂಸಬ್ಯಾಡ, ಅದು ತಪ್ಪು. ದೂರ ನಿಂತಿರು. ತಾನಾಗಿ ಬಂದ ವಾಸನೀಗೆ ತಪ್ಪಿಲ್ಲ’ ಅನ್ನುತ್ತಿದ್ದರು. ಉಪ್ಪು ಬಿದ್ದ ಸಾರಿನ ಕುದಿ ಬೇರೆ, ಬೀಳದ ಸಾರಿನ ಕುದಿ ಬೇರೆ. ಬೆಲ್ಲ ಕರಗಿದ ವಾಸನೆ ಬೇರೆ, ಬೆಲ್ಲ ಗೋಧಿಯೊಳಗೆ ಇಳಿದ ವಾಸನೆ ಬೇರೆ. ಕಲಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ಕಲಿತ ಮೇಲೆ ಒಂದು ಹಬ್ಬವೂ ತಪ್ಪಲಿಲ್ಲ. ಇದು ಹೆಮ್ಮೆಯ ಮಾತಲ್ಲ. ನನಗೆ ಬರುತ್ತಿದ್ದ ವಿದ್ಯೆ ಇದೊಂದೇ, ಅದಕ್ಕೆ ಹೇಳಿದೆ.

ಅತ್ತೆ ಹಾಸಿಗೆ ಹಿಡಿದ ಮೇಲೂ ಮೇಲಿನ ಅಧಿಕಾರ ಬಿಟ್ಟುಕೊಡಲಿಲ್ಲ. ಕಣ್ಣು ಕಾಣುತ್ತಿರಲಿಲ್ಲ, ಎರಡು ಚಮಚ ಗಂಜಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಆದರೆ ಒಳಕೋಣೆಯಿಂದ ಧ್ವನಿ ಬರುತ್ತಿತ್ತು: ‘ಜೀರಗಿ ಕರಕಾತು, ಚೆಲ್ಲಿ ಬ್ಯಾರೇದು ಹಾಕು.’ ನಾನು ಒಗ್ಗರಣೆ ಚೆಲ್ಲುತ್ತಿದ್ದೆ. ಆಗ ಅಂದುಕೊಂಡಿದ್ದೆ, ಮುಪ್ಪು ಕಣ್ಣು, ಕಾಲು, ಹಲ್ಲು ಒಯ್ದರೂ ಅಡುಗೆಯವಳ ಮೂಗನ್ನು ಮುಟ್ಟುವುದಿಲ್ಲ ಅಂತ. ಅತ್ತೆ ತೀರಿದ ದಿನ ಬೆಳಗ್ಗೆಯೂ ಹಾಲು ಉಕ್ಕಿದ್ದನ್ನು ನನಗಿಂತ ಮೊದಲು ಹೇಳಿದ್ದರು.

ನನ್ನದು ಹೋದದ್ದು ಹಿಂದಿನ ಮಳೆಗಾಲದ ಒಂದು ಜ್ವರದ ನಂತರ. ಜ್ವರ ಇಳಿಯಿತು, ಮೂಗು ಬರಲಿಲ್ಲ. ಒಂದು ದಿನ ಪೂಜೆಗೆ ಊದಿನಕಡ್ಡಿ ಹಚ್ಚಿದೆ. ಹೊಗೆ ಎದ್ದಿತು, ಪರಿಮಳ ಇಲ್ಲ. ಅಂಗಡಿಯವ ಹಳೆಯ ಸರಕು ಕೊಟ್ಟ ಅಂದುಕೊಂಡೆ. ಕರ್ಪೂರ ಹಚ್ಚಿದೆ, ಅದೂ ಬರೀ ಬೆಳಕು. ಹಾನಗಲ್ಲಿಗೆ ಮದುವೆಗೆ ಹೋದಾಗ ಮನೆಯಲ್ಲಿ ಹೇಳದೆ ಒಬ್ಬ ಡಾಕ್ಟರ ಹತ್ತಿರ ಹೋಗಿ ತೋರಿಸಿದೆ. ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಮಾತಾಡಿದರು. ‘ವಯಸ್ಸಾತಲ್ರಿ ಅಮ್ಮಾ. ಕೆಲವರಿಗೆ ತಿರುಗಿ ಬರತೈತಿ, ಕೆಲವರಿಗೆ ಬರೂದಿಲ್ಲ. ಇದರಿಂದ ಜೀವಕ್ಕೇನೂ ತ್ರಾಸಿಲ್ಲ’ ಅಂದರು.

ಜೀವಕ್ಕೆ ತ್ರಾಸಿಲ್ಲ ಅನ್ನುವುದನ್ನೂ ನಾನು ದೇವರು ಕೊಟ್ಟದ್ದರೊಳಗೆ ಎಣಿಸಿದೆ. ನನ್ನ ಸ್ನಾನ ನಾನೇ ಮಾಡಿಕೊಳ್ಳುತ್ತೇನೆ. ಮೊಣಕಾಲು ಮಡಚುತ್ತವೆ. ಮಗ, ಸೊಸೆ ಒಂದೇ ಮನೆಯಲ್ಲಿದ್ದಾರೆ, ಗಂಡ ಎದುರಿಗಿದ್ದಾರೆ. ಇಷ್ಟೆಲ್ಲ ಇರುವಾಗ ಒಂದು ಮೂಗಿಗೆ ಅಳಬಾರದು. ಆದರೆ ಮಧ್ಯಾಹ್ನ ಅನ್ನದ ಮುಚ್ಚಳ ತೆಗೆದಾಗ ಬಿಸಿ ಹಬೆ ಮುಖಕ್ಕೆ ಬಡಿದು, ಅದರೊಳಗೆ ಏನೂ ಇಲ್ಲದಿದ್ದಾಗ, ನನ್ನ ಅಡುಗೆ ಮನೆಗೆ ನಾನೇ ಪರ ಊರಿನವಳ ಹಾಗೆ ಆಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಡೆ ಮಾಡುವುದು ಕೈ ಬಿಡುತ್ತದೆ. ಕಿವಿಯಿಂದ ಸಾಸಿವೆ ಕೇಳಿಸಿಕೊಂಡೆ, ಕಣ್ಣಿನಿಂದ ಬಣ್ಣ ನೋಡಿದೆ, ಕೈಯ ರೂಢಿ ನಂಬಿದೆ. ಹಬ್ಬಗಳು ಬಂದವು, ಹೋದವು. ಅಡುಗೆ ಕೆಟ್ಟಿತು ಅಂತ ಯಾರೂ ಅನ್ನಲಿಲ್ಲ. ದೇವರು ನನ್ನ ಕೈ ಹಿಡಿದು ನಡೆಸುತ್ತಿದ್ದಾನೆ ಅಂದುಕೊಂಡೆ.

ಹೀಗಿರುವಾಗ ಮನೆದೇವರಿಗೆ ಹೋಗುವ ಮಾತು ಬಂತು. ನಮ್ಮ ಮನೆದೇವರು ವೀರಭದ್ರ. ಅಲ್ಲಿ ಗುಡಿಯ ಹಿಂದೆ ಅಡುಗೆಯ ಚಪ್ಪರ ಇದೆ; ಹೋದವರು ಮೂರು ಕಲ್ಲಿನ ಒಲೆ ಹೂಡಿ ಅಲ್ಲೇ ಎಡೆ ಮಾಡಿ ಕೊಡಬೇಕು. ಶನಿವಾರ ಹೋಗಿ ಭಾನುವಾರ ಎಡೆ ಮುಗಿಸಿ ಬರುವುದು ಅಂತಾಯಿತು. ಕಸ್ತೂರವ್ವ ಶಿಗ್ಗಾಂವದಿಂದ ಬಸ್ಸು ಹತ್ತಿ ಹಾನಗಲ್ಲಿಗೆ ಬಂದು, ಅಲ್ಲಿಂದ ನಮ್ಮ ಮನೆ ಸೇರಿದಳು. ಮಗ ಬಾಡಿಗೆಗೆ ಒಂದು ಗಾಡಿ ತಂದ. ಸೊಸೆ ರೇಣುಕಾ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ: ನಿನ್ನ ಎಡೆಗಾಗಿಯಾದರೂ ಮೂಗು ತಿರುಗಿ ಕೊಡು ತಂದೆ.

ಗಾಡಿ ಊರು ದಾಟುತ್ತಲೇ ಕಸ್ತೂರವ್ವನ ಮಾತು ಶುರುವಾಯಿತು.

‘ಮಲ್ಲಿಗಿ ಹೂವು ಏನ್ ಘಮಾಡಸಾಕತ್ತೈತಿ. ಇದು ದೇವರ ಗಾಡಿ ಅಲ್ಲ, ಮದುವಿ ಗಾಡಿ. ಅಣ್ಣಾ, ಬಾಸಿಂಗ ಕಟ್ಟಲೇನು?’

‘ಕಟ್ಟು. ಆದ್ರ ಹೆಣ್ಣು ಇದ ಇರಲಿ. ಇನ್ನೊಂದನ್ನ ಕಲಿಸೂ ತ್ರಾಣಿಲ್ಲ ನನಗ’ ಅಂದರು ಇವರು.

‘ಕೇಳಿದೆ ವೈನಿ, ನಿನ್ನ ಮ್ಯಾಲೆ ಪ್ರೀತಿ ಅಲ್ಲ, ತ್ರಾಣಿಲ್ಲ ಅಷ್ಟ.’

ನಾನೂ ನಕ್ಕೆ. ಹೂವಿನ ಬುಟ್ಟಿಯ ಕಡೆ ಮುಖ ಮಾಡಿ ಉಸಿರು ಎಳೆದುಕೊಂಡೆ. ಏನೂ ಇಲ್ಲ. ರೇಣುಕಾ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ತಿರುಗಿಸಿದಾಗ ಕಿಟಕಿಯ ಹೊರಗೆ ನೋಡಿದಳು.

ಸಂಜೆ ದರ್ಶನ ಆಯಿತು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿ, ವಿಭೂತಿ ಧರಿಸಿ ಚಪ್ಪರಕ್ಕೆ ಹೋದೆ. ನಮ್ಮ ಮನೆಯ ಹುಗ್ಗಿ ಪಾತ್ರೆ ತಂದಿರಲಿಲ್ಲ. ಗುಡಿಯವರು ಕೊಟ್ಟ ಪಾತ್ರೆಯ ತಳ ಅಲ್ಲಲ್ಲಿ ತಗ್ಗಾಗಿತ್ತು. ರೇಣುಕಾ ನನ್ನ ಪಕ್ಕದಲ್ಲೇ ನಿಂತಳು.

‘ಅತ್ತಿ, ನಾ ಇಲ್ಲೇ ಇರ್ತೇನಿ. ಉರಿ ನೋಡತೇನಿ.’

‘ಎಡಿಗೆ ಒಂದ ಕೈ ಸಾಕು. ನೀ ಹೋಗು, ಅಭಿಷೇಕದ ಪಾಳಿ ಹಿಡಿ’ ಅಂದೆ.

ಅವಳು ಹೋಗಲಿಲ್ಲ. ಆಗ ಮಗ ಬಂದು, ಅಭಿಷೇಕಕ್ಕೆ ಗಂಡ ಹೆಂಡತಿ ಕೂಡಿ ಕೂರಬೇಕಂತೆ ಅಂತ ಕರೆದ. ಹೋಗುವಾಗ ಎರಡು ಸಲ ಹಿಂದಿರುಗಿ ನೋಡಿದಳು. ಎಷ್ಟು ಭಕ್ತಿ ಈ ಹುಡುಗಿಗೆ, ಎಡೆ ಬಿಟ್ಟು ಹೋಗಲು ಮನಸ್ಸಿಲ್ಲ ಅಂದುಕೊಂಡೆ.

ಗೋಧಿ ಬೆಂದಿತು. ಬೆಲ್ಲ ಹಾಕಿದೆ. ಹೊಸದಾಗಿ ಒಲೆ ಮುಂದೆ ನಿಲ್ಲುವವರು ಇದನ್ನು ನೆನಪಿಡಬೇಕು: ಗೋಧಿ ತಾನಾಗಿ ತಳ ಹಿಡಿಯುವುದಿಲ್ಲ, ಬೆಲ್ಲ ಬಿದ್ದ ಮೇಲೆ ಹಿಡಿಯುತ್ತದೆ. ಅಲ್ಲಿಂದ ಉರಿ ಹಿಂದಕ್ಕೆ ಎಳೆದು, ಕೈ ಬಿಡದೆ ತಿರುವಬೇಕು. ನಾನೂ ತಿರುವಿದೆ. ಗಾಳಿಗೆ ಉರಿ ಒಂದೇ ಕಡೆ ಹಾಯುತ್ತಿತ್ತು. ಸೌಟಿಗೆ ತಳದಲ್ಲಿ ಏನೋ ತಡೆಯಿತು. ಪಾತ್ರೆಯ ತಗ್ಗು ಇರಬೇಕು ಅಂದುಕೊಂಡೆ. ಪಕ್ಕದ ಒಲೆಯ ಹೆಂಗಸು ತನ್ನ ಸಾರು ಬಿಟ್ಟು ನಮ್ಮ ಪಾತ್ರೆಯ ಕಡೆ ನೋಡಿದಳು. ಬಾಯಿ ತೆರೆದಳು, ಮತ್ತೆ ಸೆರಗು ಬಾಯಿಗೆ ಹಚ್ಚಿ ತಲೆ ತಗ್ಗಿಸಿದಳು. ಇನ್ನೊಬ್ಬರ ಎಡೆಗೆ ಮಾತು ಹಚ್ಚಬಾರದು, ಅದಕ್ಕೆ. ನಾನು ಅವಳ ಕಡೆ ನೋಡಿ ನಕ್ಕೆ. ಹುಗ್ಗಿಯ ಬಣ್ಣಕ್ಕೆ ಬೆರಗಾಗಿದ್ದಾಳೆ ಅಂದುಕೊಂಡಿದ್ದೆ.

ಪೂಜಾರಿಗಳು ಎಡೆ ತೆಗೆದುಕೊಂಡು ಗರ್ಭಗುಡಿಗೆ ಹೋದರು. ಗಂಟೆ ಬಾರಿಸಿದರು. ನಾನು ಕಣ್ಣು ಮುಚ್ಚಿ ಕೈ ಮುಗಿದು ನಿಂತೆ. ಈ ಸಲವೂ ದಾಟಿಸಿದೆ ತಂದೆ ಅಂದೆ.

ಎಲೆ ಹಾಕಿ ಪ್ರಸಾದ ಬಡಿಸಿದೆ. ಇವರು ಮೊದಲ ತುತ್ತು ಬಾಯಿಗಿಟ್ಟು ಪಾತ್ರೆಯ ಕಡೆ ನೋಡಿದರು, ಆಮೇಲೆ ಉಣ್ಣತೊಡಗಿದರು. ಮಗ ನೀರು ಕುಡಿದ. ನಾನೂ ಒಂದು ತುತ್ತು ತಿಂದೆ. ಸಿಹಿ ತಿಳಿಯಿತು. ಮೂಗು ಹೋದವರಿಗೆ ಅಷ್ಟೇ ಉಳಿದಿರುತ್ತದೆ: ಸಿಹಿ, ಖಾರ, ಉಪ್ಪು, ಹುಳಿ, ಕಹಿ. ನಡುವೆ ಒಂದಿಷ್ಟು ಕಹಿ ಅನ್ನಿಸಿತು. ಹೊಸ ಬೆಲ್ಲ ಅಂದುಕೊಂಡೆ.

ಕಸ್ತೂರವ್ವ ತಡೆಯಲಿಲ್ಲ. ‘ಏನ್ ವೈನಿ, ನನ್ನ ನೋಡಾಕ ಬಂದ ಬೀಗರಿಗೆ ಹಾಕಿದ ಹೊಗಿ ಈರಭದ್ರಪ್ಪಗೂ ಹಾಕಿದೆಲ್ಲ. ತಳಾ ಸುಟ್ಟು ಇದ್ದಲಿ ಆಗೈತಿ. ಒಲಿ ಮುಂದ ಕುಂತು ನಿದ್ದಿ ಮಾಡಿದೇನು?’

ಅಷ್ಟರಲ್ಲೇ ರೇಣುಕಾ ಅಂದಳು, ‘ಅತ್ತೀದಲ್ರಿ ಸಣ್ಣತ್ತಿ, ನಂದ ತಪ್ಪು. ಅಭಿಷೇಕಕ್ಕ ಹೋಗೂ ಮುಂದ ನಾನ ಕಟ್ಟಿಗಿ ಜಾಸ್ತಿ ತುರುಕಿದೆ.’

ಅವಳು ಕಟ್ಟಿಗೆ ಮುಟ್ಟಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಎಲೆ ನೋಡುತ್ತಿದ್ದಳು.

‘ಪ್ರಸಾದಕ್ಕ ಹೆಸರಿಡಬ್ಯಾಡ್ರಿ, ಸುಮ್ನ ಉಣ್ರಿ’ ಅಂದರು ಇವರು. ಇನ್ನೊಂದು ಸೌಟು ಹಾಕಿಸಿಕೊಂಡರು. ಅತ್ತೆಯ ಎದುರು ಮಾವನವರು ಆ ಅನ್ನ ಉಂಡ ಹಾಗೆಯೇ ಉಂಡರು.

ಪಾತ್ರೆ ತಿಕ್ಕಲು ನಳಕ್ಕೆ ಹೋದೆ. ಹುಗ್ಗಿ ತೆಗೆದ ಮೇಲೆ ತಳದಲ್ಲಿ ಕರಿಯ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಇಷ್ಟು ಸುಡಬೇಕಾದರೆ ಇಡೀ ಚಪ್ಪರಕ್ಕೆ ವಾಸನೆ ತುಂಬಿರಬೇಕು. ನಾನು ಆ ವಾಸನೆಯ ನಡುವೆ ನಗುತ್ತ ಕೂತಿದ್ದೆ. ರೇಣುಕಾ ಹಿಂದೆಯೇ ಬಂದು ಪಾತ್ರೆಗೆ ಕೈ ಹಾಕಿದಳು. ನಾನು ಬಿಡಲಿಲ್ಲ.

‘ಯಾವಾಗಿಂದ ಗೊತ್ತೈತಿ ನಿನಗ?’ ಅಂತ ಕೇಳಿದೆ.

ಅವಳು ಗೊತ್ತಿಲ್ಲದವಳ ಹಾಗೆ ನಟಿಸಲಿಲ್ಲ. ಅದಕ್ಕೆ ಅವಳಿಗೆ ಒಳ್ಳೆಯದಾಗಲಿ.

‘ಬಾಳ ದಿನ ಆತ್ರಿ. ಒಂದ್ ಸರ್ತಿ ಗ್ಯಾಸ್ ಹಚ್ಚದನ ತಿರುವಿ ಇಟ್ಟಿದ್ರಿ. ಮನಿ ತುಂಬ ವಾಸನಿ. ನೀವು ಅಲ್ಲೇ ಕುಂತು ಬಳ್ಳೊಳ್ಳಿ ಸುಲಿಯಾಕತ್ತಿದ್ರಿ.’

‘ಹೇಳಲಿಲ್ಲ?’

‘ಹ್ಯಾಂಗ ಹೇಳ್ಲಿರಿ ಅತ್ತಿ.’

ಆಮೇಲೆ ಒಂದೊಂದಾಗಿ ಹೊರಬಂತು. ಕೆಟ್ಟ ಹಾಲನ್ನು ಅವಳು ಚೆಲ್ಲಿ, ಬೆಕ್ಕು ಕುಡಿಯಿತು ಅನ್ನುತ್ತಿದ್ದಳು. ಹಳಸಿದ ಸಾರಿಗೆ ಕೈ ಜಾರಿ ನೀರು ಬಿತ್ತು ಅಂತ ಬೇರೆ ಮಾಡುತ್ತಿದ್ದಳು. ಹಬ್ಬದ ದಿನ ನಾನು ಎಡೆ ಮಾಡುವಾಗ ಅವಳು ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಉರಿ ಹೆಚ್ಚಾಯಿತು ಅನ್ನಿಸಿದರೆ ‘ಅತ್ತಿ, ಯಾರೋ ಕರದ್ರು ನೋಡ್ರಿ’ ಅಂತ ನನ್ನನ್ನು ಹೊರಗೆ ಕಳಿಸಿ ಗ್ಯಾಸು ಸಣ್ಣ ಮಾಡುತ್ತಿದ್ದಳು. ನಾನು ಹೊರಗೆ ಹೋಗಿ, ಯಾರೂ ಇಲ್ಲ ಅಂತ ತಿರುಗಿ ಬರುತ್ತಿದ್ದೆ.

‘ಮನ್ಯಾಗ ಬ್ಯಾರೆಯವರಿಗೆ?’

‘ಮಾವಾರಿಗೆ ಗೊತ್ತೈತ್ರಿ. ಇವರಿಗೂ. ಸಣ್ಣತ್ತಿಗಷ್ಟ ಗೊತ್ತಿದ್ದಿಲ್ಲ.’

ಅಂದರೆ ನನ್ನ ಕೆಲಸ ಎಂದೋ ಮುಗಿದಿತ್ತು. ನನಗೆ ಹೇಳುವುದಷ್ಟೇ ಬಾಕಿ ಇತ್ತು. ದೇವರು ಕೈ ಹಿಡಿದು ನಡೆಸುತ್ತಿದ್ದಾನೆ ಅಂದುಕೊಂಡ ಹಬ್ಬಗಳನ್ನೆಲ್ಲ ಈ ಹುಡುಗಿ ನಡೆಸಿದ್ದಳು.

ನಾನು ಒಬ್ಬಳೇ ಗರ್ಭಗುಡಿಯ ಮುಂದೆ ಹೋಗಿ ನಿಂತೆ. ಕೋಪದಲ್ಲಿ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಬೇಡಿದ್ದು ಕೊಡದಿದ್ದರೆ ಹೋಗಲಿ, ಸುಟ್ಟದ್ದನ್ನು ನಿನ್ನ ಮುಂದೆಯೇ ಯಾಕೆ ಇಡಿಸಿದೆ ಅಂತ ಕೇಳಬೇಕಿತ್ತು. ದೇವರ ಕಣ್ಣು ಬೆಳ್ಳಿಯವು, ಮೀಸೆ ಬೆಳ್ಳಿಯದು. ಮುಂದೆ ನಮ್ಮ ಎಡೆಯ ತಟ್ಟೆ ಇನ್ನೂ ಇತ್ತು. ಕೇಳುವುದನ್ನು ಬಿಟ್ಟು ಕೈ ಮುಗಿದೆ. ಅತ್ತೆ ಇದ್ದಿದ್ದರೆ ಚೆಲ್ಲಿ ಬೇರೆ ಮಾಡು ಅನ್ನುತ್ತಿದ್ದರು. ಇವನು ಅದನ್ನೂ ಅನ್ನಲಿಲ್ಲ. ಪೂಜಾರಿಗಳು ನನ್ನ ಕೈಗೆ ಒಂದು ಬಿಲ್ವದ ಎಲೆ ಕೊಟ್ಟರು. ತೆಗೆದುಕೊಂಡು ಬಂದೆ.

ತಿರುಗಿ ಬರುವಾಗ ನಮ್ಮೂರು ದಾಟಿ ಹೋಗಿ ಕಸ್ತೂರವ್ವನನ್ನು ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದೆವು. ಗುಡಿಯಲ್ಲಿ ಯಾರು ಏನು ಹೇಳಿದ್ದರೋ, ದಾರಿಯಲ್ಲಿ ಅವಳು ಒಂದೂ ಚೇಷ್ಟೆ ಮಾಡಲಿಲ್ಲ. ಶಿಗ್ಗಾಂವದ ಬಸ್ಸು ಬಂದು ನಿಂತಾಗ ನನ್ನ ಕಿವಿಯ ಹತ್ತಿರ ಬಂದಳು.

‘ವೈನಿ, ನನಗ ಎಡಗಿವಿ ಪೂರ್ತಿ ಹೋಗೈತಿ. ಅದಕ್ಕ ನಾನ ಮಾತಾಡತೇನಿ, ಮಂದಿಗೆ ಮಾತಾಡಗೊಡೂದಿಲ್ಲ. ಯಾರಿಗೂ ಹೇಳಬ್ಯಾಡ.’

‘ನಾ ಹೇಳಿದ್ರೂ ನಿನಗ ಕೇಳಸೂದಿಲ್ಲಲ್ಲ’ ಅಂದೆ.

‘ಹಾ?’ ಅಂದಳು. ಬಸ್ಸು ಹತ್ತಿದಳು.

ಈಗ ನಮ್ಮ ಮನೆಯಲ್ಲಿ ಎಡೆ ಮಾಡುವವಳು ರೇಣುಕಾ. ಸ್ನಾನ ಮಾಡಿ, ಕೂದಲು ಗಂಟು ಹಾಕಿ, ದೂರ ನಿಂತು ತಿರುವುತ್ತಾಳೆ. ಚೆನ್ನಾಗಿ ಮಾಡುತ್ತಾಳೆ ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಸಿಹಿ ಇದ್ದದ್ದು ಮಾತ್ರ ತಿಳಿಯುತ್ತದೆ. ಓಣಿಯ ಹೊಸ ಸೊಸೆಯಂದಿರಿಗೆ ನಾನು ಹೇಳುವುದು ಇಷ್ಟು: ಮೂಗು ಇರುವಾಗಲೇ ನಿಮ್ಮ ಹಿಂದೆ ಬರುವವಳಿಗೆ ಕಲಿಸಿಬಿಡಿ. ನಾನು ಕಲಿಸಲಿಲ್ಲ, ಅವಳು ಬಾಗಿಲಲ್ಲಿ ಕೂತು, ನನ್ನನ್ನು ಕಾಯುತ್ತ, ತಾನೇ ಕಲಿತಳು. ಒಲೆ ಬಿಟ್ಟ ಮೇಲೆ ಬೆಳಗು ಸಂಜೆ ಬಹಳ ಉದ್ದ ಆಗುತ್ತವೆ. ಅದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬರೆಯುತ್ತಿದ್ದೆ.

ದಿನಾ ಬೆಳಗ್ಗೆ ರೇಣುಕಾ ಒಂದು ತಟ್ಟೆ ತೊಗರಿಬೇಳೆ ತಂದು ನನ್ನ ಮುಂದೆ ಇಡುತ್ತಾಳೆ. ‘ಅತ್ತಿ, ಹರಳು ಆರಿಸಿಕೊಡ್ರಿ’ ಅನ್ನುತ್ತಾಳೆ. ಈಗಿನ ಬೇಳೆ ಪ್ಯಾಕೆಟ್ಟಿನದು. ಅದರಲ್ಲಿ ಹರಳೂ ಇಲ್ಲ, ಕಡ್ಡಿಯೂ ಇಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಬಿಸಿಲಿಗೆ ತಟ್ಟೆ ಹಿಡಿದು ಆರಿಸುತ್ತೇನೆ. ಮೊನ್ನೆ ಮಾತ್ರ ಒಂದು ಹರಳು ಸಿಕ್ಕಿತು. ಕರೆದು ತೋರಿಸಿದೆ. ‘ಚಲೋ ಆತ್ರಿ ನೀವು ನೋಡಿದ್ರಿ, ಇಲ್ಲಂದ್ರ ಮಾವಾರ ಹಲ್ಲಿಗೆ ಸಿಗತಿತ್ತು’ ಅಂದಳು. ಕೆಂಪು ಹರಳು. ನಮ್ಮ ಬಾಗಿಲ ಮುಂದೆ ಹಾಸಿರುವ ಕೆಂಪು ಗರಸು ಮಣ್ಣಿನಲ್ಲಿ ಇಂಥವೇ ಇವೆ. ತೊಗರಿಯ ಹೊಲದ ಹರಳು ಯಾವುದು, ಅಂಗಳದ ಹರಳು ಯಾವುದು ಅನ್ನುವುದು ನನಗೆ ತಿಳಿಯುತ್ತದೆ. ಅದನ್ನು ತಿರುಗಿ ಅಂಗಳಕ್ಕೇ ಎಸೆದೆ. ತಟ್ಟೆಯಲ್ಲಿ ಅರ್ಧ ಬೇಳೆ ಇನ್ನೂ ಉಳಿದಿತ್ತು. ಅದನ್ನೂ ಆರಿಸಿದೆ.